ಎದುರಾಳಿಯಿಲ್ಲದ ಆಕಾಶ: ಅಂತರ್ಯುದ್ಧದ ಕಾಲದಲ್ಲಿ ಶ್ರೀಲಂಕಾ ವಾಯುಪಡೆ

1987ರ ಜೂನ್ 4ರಂದು ಬೆಂಗಳೂರಿನಿಂದ ಮೇಲೇರಿದ ಭಾರತೀಯ ವಾಯುಪಡೆಯ ಐದು ಆಂಟೊನೊವ್-32 ಸಾಗಣೆ ವಿಮಾನಗಳು ಮಿರಾಜ್-2000 ಯುದ್ಧವಿಮಾನಗಳ ಬೆಂಗಾವಲಿನಲ್ಲಿ ಪಾಕ್ ಜಲಸಂಧಿಯನ್ನು ದಾಟಿ, ಜಾಫ್ನಾದ ಸುತ್ತಮುತ್ತ ಸುಮಾರು 25 ಟನ್ ಆಹಾರ ಮತ್ತು ಔಷಧಗಳನ್ನು ಪ್ಯಾರಾಶೂಟ್‌ಗಳಲ್ಲಿ ಇಳಿಬಿಟ್ಟು ಮರಳಿದವು. ಹಿಂದಿನ ದಿನವಷ್ಟೇ ರಾಮೇಶ್ವರದ ಕಡೆಯಿಂದ ಪರಿಹಾರ ಸಾಮಗ್ರಿ ಹೊತ್ತು ಹೊರಟಿದ್ದ ಭಾರತದ ದೋಣಿಗಳನ್ನು ಶ್ರೀಲಂಕಾದ ನೌಕಾಪಡೆ ಸಮುದ್ರದಲ್ಲೇ ತಡೆದು ಹಿಂದಕ್ಕೆ ಕಳುಹಿಸಿತ್ತು. ಸಮುದ್ರದಲ್ಲಿ ಸಾಧ್ಯವಾದ ಆ ತಡೆ ಆಕಾಶದಲ್ಲಿ ಸಾಧ್ಯವಾಗಲಿಲ್ಲ. ‘ಆಪರೇಷನ್ ಪೂಮಾಲೈ’ ಎಂದು ಹೆಸರಿಟ್ಟಿದ್ದ ಈ ಕಾರ್ಯಾಚರಣೆಯನ್ನು (ಪೂಮಾಲೈ ಎಂದರೆ ನಮ್ಮ ಹೂಮಾಲೆಯೇ) ಎದುರಿಸಲು ಶ್ರೀಲಂಕಾ ವಾಯುಪಡೆಯ ಬಳಿ ಆ ಹೊತ್ತಿನಲ್ಲಿ ಒಂದೇ ಒಂದು ಪ್ರತಿಬಂಧಕ ಯುದ್ಧವಿಮಾನವೂ ಇರಲಿಲ್ಲ. ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಎಂಬ ‘ತಮಿಳು ಹುಲಿಗಳ’ ಸಂಘಟನೆಯ ಜೊತೆ ನಾಲ್ಕು ವರ್ಷಗಳಿಂದ ಯುದ್ಧದಲ್ಲಿ ತೊಡಗಿದ್ದ ದೇಶವೊಂದರ ವಾಯುಪಡೆ ತನ್ನ ನೆತ್ತಿಯ ಮೇಲೆ ಹಾದುಹೋದ ಪರದೇಶದ ವಿಮಾನಗಳನ್ನು ನೋಡುತ್ತ ನಿಲ್ಲಬೇಕಾಯಿತು ಎಂಬುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಆ ಯುದ್ಧದ ಸ್ವರೂಪವನ್ನು ಗಮನಿಸಿದರೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ವಾಯುಪಡೆಯ ಕೆಲಸಗಳನ್ನು ಯುದ್ಧಶಾಸ್ತ್ರ ಒಂದು ಕ್ರಮದಲ್ಲಿ ಹೇಳಿಕೊಡುತ್ತದೆ. ಮೊದಲು ಶತ್ರುವಿನ ವಿಮಾನಗಳನ್ನು ಹೊಡೆದುರುಳಿಸಿ ಆಕಾಶವನ್ನು ತನ್ನದಾಗಿಸಿಕೊಳ್ಳಬೇಕು, ಬಳಿಕ ಶತ್ರುವಿನ ನೆಲೆಗಳ ಮೇಲೆ ಬಾಂಬು ಹಾಕಬೇಕು, ಇವೆರಡರ ನೆರಳಿನಲ್ಲಿ ಸೈನಿಕರನ್ನೂ ಸರಕನ್ನೂ ಸಾಗಿಸಬೇಕು. ಶ್ರೀಲಂಕಾದಲ್ಲಿ ಈ ಕ್ರಮ ಪೂರ್ತಿ ತಲೆಕೆಳಗಾಯಿತು. 1983ರಲ್ಲಿ ಯುದ್ಧ ಆರಂಭವಾದಾಗ ಎದುರಾಳಿಯ ಬಳಿ ವಿಮಾನಗಳೇ ಇರಲಿಲ್ಲವಾದ್ದರಿಂದ ಆಕಾಶ ಸರ್ಕಾರಕ್ಕೆ ಹೋರಾಟವಿಲ್ಲದೆ ದಕ್ಕಿತು, ಸಾಗಣೆಯೇ ವಾಯುಪಡೆಯ ಮೊದಲ ಮತ್ತು ಅತ್ಯಂತ ದೊಡ್ಡ ಹೊರೆಯಾಯಿತು, ಬಾಂಬ್ ದಾಳಿ ಅದರ ಹಿಂದೆಯೇ ಬಂದಿತು. ಶತ್ರುವಿನ ವಿಮಾನವನ್ನು ಎದುರಿಸುವ ಕೆಲಸ 24 ವರ್ಷ ತಡವಾಗಿ, ಯುದ್ಧದ ಕೊನೆಯ ಘಟ್ಟದಲ್ಲಿ ಬಂದಿತು. ಈ ಪಡೆಯ ಇತಿಹಾಸವನ್ನು ಅರ್ಥಮಾಡಿಕೊಳ್ಳಲು ನನಗೆ ಕಾಣುವ ಸರಿಯಾದ ದಾರಿ ಈ ತಲೆಕೆಳಗಾದ ಕ್ರಮವನ್ನೇ ಹಿಡಿದು ಹೋಗುವುದು.

ದ್ವೀಪದ ವಿಸ್ತೀರ್ಣ ಸುಮಾರು 65,600 ಚದರ ಕಿ.ಮೀ., ಅಂದರೆ ಕರ್ನಾಟಕದ ಮೂರನೇ ಒಂದರಷ್ಟು. 1951ರ ಮಾರ್ಚ್ 2ರಂದು ಬ್ರಿಟಿಷ್ ವಾಯುಪಡೆಯ ಅಧಿಕಾರಿಗಳ ನೇತೃತ್ವದಲ್ಲಿ ‘ರಾಯಲ್ ಸಿಲೋನ್ ಏರ್ ಫೋರ್ಸ್’ ಎಂಬ ಹೆಸರಿನಲ್ಲಿ ಆರಂಭವಾದ ಪಡೆ ಚಿಪ್‌ಮಂಕ್ ತರಬೇತಿ ವಿಮಾನಗಳಿಂದ ಹೊರಟು, ದಶಕದ ಕೊನೆಗೆ ಜೆಟ್ ಪ್ರೊವೊಸ್ಟ್‌ಗಳವರೆಗೆ ಬಂದಿತ್ತು. 1971ರ ಏಪ್ರಿಲ್‌ನಲ್ಲಿ ದಕ್ಷಿಣದ ಸಿಂಹಳ ಯುವಕರ ಜನತಾ ವಿಮುಕ್ತಿ ಪೆರಮುನ ಒಂದೇ ಬಾರಿಗೆ ಹತ್ತಾರು ಪೊಲೀಸ್ ಠಾಣೆಗಳ ಮೇಲೆ ಎರಗಿದಾಗ, ಬಳಕೆಯಿಲ್ಲದೆ ಮೂಲೆಗೆ ಸೇರಿದ್ದ ಅದೇ ಜೆಟ್ ಪ್ರೊವೊಸ್ಟ್‌ಗಳನ್ನು ಹೊರತೆಗೆದು ದಾಳಿಗೆ ಬಳಸಬೇಕಾಯಿತು. ಭಾರತ ಹೆಲಿಕಾಪ್ಟರ್‌ಗಳನ್ನು ಕಳುಹಿಸಿತು. ಸೋವಿಯತ್ ಒಕ್ಕೂಟ ಮಿಗ್-17 ಯುದ್ಧವಿಮಾನಗಳನ್ನು ಕೊಟ್ಟಿತು. ದಂಗೆ ಅಡಗಿದ ಮೇಲೆ ಬೊಕ್ಕಸದಲ್ಲಿ ಹಣ ಉಳಿದಿರಲಿಲ್ಲ. 1972ರಲ್ಲಿ ದೇಶ ಗಣರಾಜ್ಯವಾಗಿ, ಪಡೆಯ ಹೆಸರು ಶ್ರೀಲಂಕಾ ವಾಯುಪಡೆಯೆಂದು ಬದಲಾಯಿತು. ಖರ್ಚು ಸರಿದೂಗಿಸಲು ಪಡೆ ‘ಹೆಲಿಟೂರ್ಸ್’ ಎಂಬ ಹೆಸರಿನಲ್ಲಿ ತನ್ನ ಹೆಲಿಕಾಪ್ಟರ್ ಮತ್ತು ವಿಮಾನಗಳಲ್ಲಿ ಪ್ರವಾಸಿಗರನ್ನು ಬಾಡಿಗೆಗೆ ಕರೆದೊಯ್ಯುವ ವ್ಯವಹಾರ ನಡೆಸಿತು. 1983ರ ಜುಲೈ 23ರ ರಾತ್ರಿ ಜಾಫ್ನಾದ ತಿರುನೆಲ್ವೇಲಿಯಲ್ಲಿ 13 ಸೈನಿಕರನ್ನು ಎಲ್‌ಟಿಟಿಇ ಹೊಂಚುಹಾಕಿ ಕೊಂದು, ಅದರ ಬೆನ್ನಿಗೆ ಕೊಲಂಬೊ ಮೊದಲಾದೆಡೆ ತಮಿಳರ ಮೇಲೆ ಭೀಕರ ಹಿಂಸೆ ನಡೆದು ದೇಶ ಯುದ್ಧಕ್ಕೆ ಜಾರಿದಾಗ, ಈ ಪಡೆಯ ಬಳಿ ಇದ್ದದ್ದು ಹೆಚ್ಚಾಗಿ ಪ್ರವಾಸಿಗರನ್ನು ಹೊತ್ತು ಅಭ್ಯಾಸವಾಗಿದ್ದ ಬೆಲ್ ಹೆಲಿಕಾಪ್ಟರ್‌ಗಳು ಮತ್ತು ಕೆಲವು ಸಾಗಣೆ ವಿಮಾನಗಳು.

ಯುದ್ಧದ ಭೂಗೋಳ ಹೆಲಿಕಾಪ್ಟರ್‌ಗೆ ಇನ್ನಿಲ್ಲದ ಮಹತ್ವ ಕೊಟ್ಟಿತು. ಜಾಫ್ನಾ ಪರ್ಯಾಯ ದ್ವೀಪವನ್ನು ಉಳಿದ ನೆಲಕ್ಕೆ ಸೇರಿಸುವುದು ಎಲಿಫೆಂಟ್ ಪಾಸ್ ಎಂಬ ಇಕ್ಕಟ್ಟಿನ ಹಾದಿ. ಅದರ ದಕ್ಷಿಣಕ್ಕೆ ಹಬ್ಬಿರುವ ವನ್ನಿ ಪ್ರದೇಶದ ಕಾಡುಗಳು ಹುಲಿಗಳ ಭದ್ರ ನೆಲೆಯಾಗಿದ್ದವು. ರಸ್ತೆಗಳಲ್ಲಿ ನೆಲಬಾಂಬು, ದಾರಿಯುದ್ದಕ್ಕೂ ಹೊಂಚು. ಹೀಗಾಗಿ ಉತ್ತರದ ಸೇನಾ ಶಿಬಿರಗಳಿಗೆ ಅಕ್ಕಿಯಿಂದ ಹಿಡಿದು ಮದ್ದುಗುಂಡಿನವರೆಗೆ, ರಜೆಗೆ ಹೊರಟ ಸೈನಿಕನಿಂದ ಹಿಡಿದು ಗಾಯಗೊಂಡು ಪ್ರಾಣ ಬಿಡುತ್ತಿದ್ದವನವರೆಗೆ ಎಲ್ಲವೂ ಆಕಾಶದ ದಾರಿಯಲ್ಲಿ ಇಲ್ಲವೇ ಹಡಗಿನಲ್ಲಿ ಹೋಗಬೇಕಿತ್ತು. 1987ರ ಒಪ್ಪಂದದಂತೆ ದ್ವೀಪಕ್ಕೆ ಬಂದಿದ್ದ ಭಾರತದ ಶಾಂತಿಪಾಲನಾ ಪಡೆ 1990ರ ಮಾರ್ಚ್‌ನಲ್ಲಿ ಮರಳಿ, ಜೂನ್‌ನಲ್ಲಿ ಯುದ್ಧ ಮತ್ತೆ ಹೊತ್ತಿಕೊಂಡಾಗ ಇದರ ನಿಜವಾದ ಅರ್ಥ ಗೊತ್ತಾಯಿತು. ಪೋರ್ಚುಗೀಸರು ಕಟ್ಟಿ ಡಚ್ಚರು ವಿಸ್ತರಿಸಿದ್ದ ಜಾಫ್ನಾ ಕೋಟೆಯಲ್ಲಿ ಸಿಕ್ಕಿಬಿದ್ದ ಸೈನಿಕರು ಮತ್ತು ಪೊಲೀಸರ ಚಿಕ್ಕ ತುಕಡಿಯನ್ನು ಹುಲಿಗಳು ತಿಂಗಳುಗಟ್ಟಲೆ ಮುತ್ತಿದ್ದರು; ಹೊರಗಿನಿಂದ ಅವರಿಗೆ ಅನ್ನ, ನೀರು, ಗುಂಡು ತಲುಪಿದ್ದು ಆಕಾಶದಿಂದ ಮಾತ್ರ. ಗಾಯಾಳುಗಳನ್ನು ಎತ್ತಿಕೊಳ್ಳಲು ಹೆಲಿಕಾಪ್ಟರ್‌ಗಳು ಗುಂಡಿನ ಮಳೆಯ ನಡುವೆ ಕೋಟೆಯೊಳಗೇ ಇಳಿದವು. ಕೊನೆಗೆ ಸೆಪ್ಟೆಂಬರ್‌ನಲ್ಲಿ ಸೇನೆ ಕೋಟೆಯನ್ನು ತೆರವು ಮಾಡಿತು. ಯುದ್ಧದ ದೊಡ್ಡ ಚಿತ್ರದಲ್ಲಿ ಅದು ಸೋಲೇ ಆದರೂ, ಸಾಗಣೆಯೆಂಬುದು ಈ ಪಡೆಯ ಬೆನ್ನೆಲುಬು ಎಂಬುದನ್ನು ಅಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಇದೇ ಅವಧಿಯಲ್ಲಿ ಎರಡನೆಯ ಕೆಲಸವೂ, ಅಂದರೆ ಬಾಂಬ್ ದಾಳಿಯೂ ಬೆಳೆಯಿತು. ಅದು ಬೆಳೆದ ರೀತಿ ನೋವಿನದು. 1985ರ ಹೊತ್ತಿಗೆ ಇಟಲಿಯ ಎಸ್ಎಫ್-260 ಎಂಬ ಪುಟ್ಟ ತರಬೇತಿ ವಿಮಾನಗಳಿಗೆ ರಾಕೆಟ್ ಮತ್ತು ಬಂದೂಕು ಜೋಡಿಸಿ ದಾಳಿಗೆ ಇಳಿಸಲಾಯಿತು. ಬಾಂಬರ್ ವಿಮಾನಗಳಿರಲಿಲ್ಲವಾದ್ದರಿಂದ ಚೀನಾದಿಂದ ತಂದ ವೈ-12 ಮತ್ತು ವೈ-8 ಸಾಗಣೆ ವಿಮಾನಗಳಿಗೇ ಬಾಂಬು ಹೊರುವ ವ್ಯವಸ್ಥೆ ಮಾಡಲಾಯಿತು. ಪೀಪಾಯಿಗಳಿಗೆ ಸ್ಫೋಟಕ ತುಂಬಿ ಕೆಳಕ್ಕೆ ತಳ್ಳಿದ್ದೂ ಉಂಟು. ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ತಿಳಿದಿರಬೇಕು. ವಿಮಾನದಿಂದ ಬಿಟ್ಟ ಬಾಂಬು ನೇರ ಕೆಳಗೆ ಬೀಳುವುದಿಲ್ಲ; ವಿಮಾನದ ವೇಗವನ್ನು ತಾನೂ ಹೊತ್ತು, ಗಾಳಿಗೆ ಸಿಕ್ಕಿ, ಬಿಟ್ಟ ಜಾಗದಿಂದ ಬಹಳ ಮುಂದೆ ಹೋಗಿ ಬೀಳುತ್ತದೆ. ಎಲ್ಲಿ ಬಿಟ್ಟರೆ ಎಲ್ಲಿ ಬೀಳುತ್ತದೆಂಬುದನ್ನು ಲೆಕ್ಕ ಹಾಕುವುದಕ್ಕೇ ಬಾಂಬರ್‌ಗಳಲ್ಲಿ ಗುರಿ ಉಪಕರಣಗಳಿರುತ್ತವೆ. ಸರಕು ಸಾಗಿಸಲು ಮಾಡಿದ ವಿಮಾನದಲ್ಲಿ ಆ ಏರ್ಪಾಡು ಇರುವುದಿಲ್ಲ. ಕೆಳಗಿನಿಂದ ಹಾರುವ ಗುಂಡಿಗೆ ಹೆದರಿ ಎತ್ತರಕ್ಕೆ ಹೋದಷ್ಟೂ ಗುರಿ ತಪ್ಪುವುದು ಹೆಚ್ಚುತ್ತದೆ, ಆ ತಪ್ಪಿನ ಬೆಲೆ ತೆರುವವರು ಕೆಳಗಿನ ಊರುಗಳಲ್ಲಿ ಬದುಕುವ ಜನ. ಕೆಳಗಿದ್ದದ್ದು ಪರದೇಶವಲ್ಲ, ಸ್ವಂತ ನೆಲ. ಸಾಯುತ್ತಿದ್ದವರು ಸ್ವಂತ ಪ್ರಜೆಗಳು. ಈ ವಾಯುಪಡೆಯ ಬಗ್ಗೆ ಬರೆಯುವ ಯಾರೂ ಈ ಮಾತನ್ನು ಬದಿಗೆ ಸರಿಸಿ ಮುಂದೆ ಹೋಗಬಾರದೆಂದು ನಾನು ಭಾವಿಸುತ್ತೇನೆ. 1995ರ ಜುಲೈ 9ರಂದು ಜಾಫ್ನಾದ ಬಳಿಯ ನವಾಲಿಯಲ್ಲಿ, ಸೇನೆಯ ಮುನ್ನಡೆಗೆ ಹೆದರಿ ಸಂತ ಪೀಟರ್ ಚರ್ಚಿನಲ್ಲಿ ಆಶ್ರಯ ಪಡೆದಿದ್ದ ಜನರ ಮೇಲೆ ಬಾಂಬು ಬಿದ್ದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಾಗರ್‌ಕೋವಿಲ್ ಎಂಬ ಹಳ್ಳಿಯ ಶಾಲೆಯ ಮೇಲೆ ನಡೆದ ದಾಳಿಯಲ್ಲಿ ಮಕ್ಕಳು ಸತ್ತರು.

1995ನೇ ವರ್ಷ ವಾಯುಪಡೆಗೂ ದುರಂತದ ವರ್ಷವಾಯಿತು. ಏಪ್ರಿಲ್ 19ರಂದು ಟ್ರಿಂಕೋಮಲಿ ಬಂದರಿನಲ್ಲಿ ನೌಕಾಪಡೆಯ ಹಡಗುಗಳನ್ನು ಸ್ಫೋಟಿಸಿ ಎಲ್‌ಟಿಟಿಇ ಶಾಂತಿ ಮಾತುಕತೆಯನ್ನು ಮುರಿಯಿತು. ಅದಾಗಿ ಹತ್ತು ದಿನ ಕಳೆಯುವುದರೊಳಗೆ, ಏಪ್ರಿಲ್ 28 ಮತ್ತು 29ರಂದು, ಜಾಫ್ನಾದ ಪಲಾಲಿ ವಾಯುನೆಲೆಯ ಬಳಿ ಎರಡು ಆವ್ರೊ ಸಾಗಣೆ ವಿಮಾನಗಳು ಒಂದರ ಹಿಂದೊಂದು ಉರುಳಿಬಿದ್ದು, ಸುಮಾರು ನೂರು ಜನ ಪ್ರಾಣ ಕಳೆದುಕೊಂಡರು. ಎರಡನ್ನೂ ಕೆಡವಿದ್ದು ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ. ಅಂದು ಸತ್ತ ಪೈಲಟ್‌ಗಳಲ್ಲಿ ವಿಂಗ್ ಕಮಾಂಡರ್ ಶಿರಂಥ ಗುಣತಿಲಕ ಒಬ್ಬರು. ಅವರ ತಂದೆ ಹ್ಯಾರಿ ಗುಣತಿಲಕ ಹಿಂದೆ ಇದೇ ಪಡೆಯ ಮುಖ್ಯಸ್ಥರಾಗಿದ್ದವರು, ಸೋದರ ರೋಷನ್ ಗುಣತಿಲಕ ಮುಂದೆ ಯುದ್ಧದ ಕೊನೆಯ ಘಟ್ಟದಲ್ಲಿ ಪಡೆಯನ್ನು ಮುನ್ನಡೆಸಿದವರು. ಚಿಕ್ಕ ದೇಶದ ಚಿಕ್ಕ ಪಡೆಯಲ್ಲಿ ಪ್ರತಿ ವಿಮಾನದ ನಷ್ಟವೂ ಮನೆಯ ಸಾವಿನಂತೆ ಬರುತ್ತದೆ.

ಈ ಕ್ಷಿಪಣಿ ಮಾಡಿದ ಬದಲಾವಣೆಯನ್ನು ಸ್ವಲ್ಪ ವಿವರಿಸಬೇಕು. ಸೋವಿಯತ್ ವಿನ್ಯಾಸದ ಎಸ್ಎ-7 ಮಾದರಿಯ ಕ್ಷಿಪಣಿಯನ್ನು ಒಬ್ಬನೇ ವ್ಯಕ್ತಿ ಹೊತ್ತೊಯ್ಯಬಹುದು. ಅದರ ಮೂತಿಯಲ್ಲಿರುವ ಸಂವೇದಕ ಎಂಜಿನ್ನಿನ ಬಿಸಿಯನ್ನು ಗುರುತಿಸಿ ಬೆನ್ನಟ್ಟುತ್ತದೆ. ಅದರ ನಿಲುಕು ಕೆಲವೇ ಕಿಲೋಮೀಟರ್, ಆದ್ದರಿಂದ ಎತ್ತರದಲ್ಲಿ ಸಾಗುವ ವಿಮಾನಕ್ಕೆ ಅದು ಏನೂ ಮಾಡಲಾರದು. ಆದರೆ ಯಾವ ವಿಮಾನವಾದರೂ ಏರಲೇಬೇಕು, ಇಳಿಯಲೇಬೇಕು. ಆ ಕೆಲವು ನಿಮಿಷಗಳಲ್ಲಿ ಅದು ನಿಧಾನವಾಗಿ, ತಗ್ಗಿನಲ್ಲಿ, ಎಲ್ಲರಿಗೂ ಗೊತ್ತಿರುವ ದಾರಿಯಲ್ಲಿ ಸಾಗುತ್ತಿರುತ್ತದೆ. ಕ್ಷಿಪಣಿ ಹೊತ್ತವನು ಕಾಯಬೇಕಾದದ್ದು ಅಲ್ಲಿ. ಇದಕ್ಕೆ ಪರಿಹಾರಗಳು ಎರಡು ಬಗೆಯವು. ಒಂದು, ವಿಮಾನದಿಂದ ಉರಿಯುವ ಫ್ಲೇರ್‌ಗಳನ್ನು ಚೆಲ್ಲಿ ಎಂಜಿನ್ನಿಗಿಂತ ಹೆಚ್ಚಿನ ಬಿಸಿಯತ್ತ ಕ್ಷಿಪಣಿಯನ್ನು ಸೆಳೆದು ದಾರಿ ತಪ್ಪಿಸುವುದು. ಇನ್ನೊಂದು, ಕ್ಷಿಪಣಿ ಹೊತ್ತವನು ರನ್‌ವೇ ಹತ್ತಿರ ಸುಳಿಯದಂತೆ ಸುತ್ತಲಿನ ನೆಲವನ್ನೆಲ್ಲ ತೆರವು ಮಾಡುವುದು. ಮಾರ್ಟರ್ ಮತ್ತು ಫಿರಂಗಿಗಳ ಭಯದಿಂದ ಮೊದಲೇ ಶುರುವಾಗಿದ್ದ ಈ ತೆರವಿಗೆ ಕ್ಷಿಪಣಿ ಇನ್ನೊಂದು ಕಾರಣವಾಯಿತು. ಪಲಾಲಿಯ ಸುತ್ತ ‘ಅತಿ ಭದ್ರತಾ ವಲಯ’ ಎಂಬ ಹೆಸರಿನಲ್ಲಿ ಊರುಗಳು, ತೋಟಗಳು, ದೇವಸ್ಥಾನಗಳು, ಶಾಲೆಗಳು ಬೇಲಿಯೊಳಗೆ ಸೇರಿಹೋದವು; ಅಲ್ಲಿನ ಸಾವಿರಾರು ಕುಟುಂಬಗಳು ಶಿಬಿರಗಳಿಗೂ ಬಂಧುಗಳ ಮನೆಗಳಿಗೂ ಹೋದವು. ವಿಮಾನವೊಂದು ಕ್ಷೇಮವಾಗಿ ಇಳಿಯಲು ನೆಲದ ಮೇಲೆ ಎಷ್ಟು ಜಾಗ ಬೇಕು ಎಂಬ ಲೆಕ್ಕ ಇಷ್ಟೊಂದು ಜನರ ಬದುಕನ್ನು ಕದಲಿಸಿತು.

ಆ ವರ್ಷದ ನಂತರವೂ ನಷ್ಟಗಳು ನಿಲ್ಲಲಿಲ್ಲ. ಅರ್ಜೆಂಟೀನಾದಿಂದ ತಂದ ಪುಕಾರಾ ದಾಳಿ ವಿಮಾನ, ಸಾಗಣೆ ವಿಮಾನಗಳು, ಎಂಐ-17 ಹೆಲಿಕಾಪ್ಟರ್ ಒಂದರ ಹಿಂದೆ ಒಂದು ಹೋದವು. 1998ರ ಸೆಪ್ಟೆಂಬರ್ 29ರಂದು ಪಲಾಲಿಯಿಂದ ಕೊಲಂಬೊ ಬಳಿಯ ರತ್ಮಲಾನಕ್ಕೆ ಹೊರಟ ಲಯನ್ಏರ್ ಸಂಸ್ಥೆಯ ನಾಗರಿಕ ವಿಮಾನ ಮನ್ನಾರ್ ಕಡಲಿನ ಮೇಲೆ ಕಾಣೆಯಾಗಿ, ಅದರಲ್ಲಿದ್ದ 55 ಜನರೂ ಸತ್ತರು.

ಪಡೆಯ ವಿಮಾನಗಳ ಪಟ್ಟಿಯನ್ನು ಓದಿದರೆ ಆ ಕಾಲದ ರಾಜತಾಂತ್ರಿಕ ಇತಿಹಾಸವನ್ನೇ ಓದಿದಂತಾಗುತ್ತದೆ. ಪಾಶ್ಚಾತ್ಯ ದೇಶಗಳು ದೊಡ್ಡ ಯುದ್ಧಾಸ್ತ್ರ ಕೊಡಲು ಹಿಂಜರಿದವು, ಭಾರತ ತನ್ನ ತಮಿಳುನಾಡಿನ ಭಾವನೆಗಳನ್ನು ಗಮನದಲ್ಲಿಟ್ಟು ನೇರ ದಾಳಿಯ ಅಸ್ತ್ರ ಕೊಡಲಿಲ್ಲ. ಉಳಿದ ಬಾಗಿಲುಗಳನ್ನು ಕೊಲಂಬೊ ತಟ್ಟಿತು. 1991ರಲ್ಲಿ ಚೀನಾದಿಂದ ಎಫ್-7 ಜೆಟ್‌ಗಳು, 1995ರ ಕೊನೆಗೆ ಎಂಐ-24 ದಾಳಿ ಹೆಲಿಕಾಪ್ಟರ್‌ಗಳು, 1996ರಲ್ಲಿ ಇಸ್ರೇಲ್‌ನಿಂದ ಕಫೀರ್ ಜೆಟ್‌ಗಳೂ ಪೈಲಟ್‌ರಹಿತ ವಿಮಾನಗಳೂ ಬಂದವು. 2000ದ ಏಪ್ರಿಲ್ 22ರಂದು ಎಲಿಫೆಂಟ್ ಪಾಸ್ ಹುಲಿಗಳ ಕೈವಶವಾಗಿ, ಜಾಫ್ನಾದಲ್ಲಿದ್ದ ಮೂವತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಸಮುದ್ರಕ್ಕೆ ಬೆನ್ನು ಕೊಟ್ಟು ನಿಂತಾಗ ಅವಸರ ಇನ್ನೂ ಹೆಚ್ಚಿತು. ಸೇನಾ ಹಸ್ತಕ್ಷೇಪಕ್ಕೆ ಭಾರತ ಒಪ್ಪಲಿಲ್ಲ. ಮುಂದಿನ ತಿಂಗಳೇ ಶ್ರೀಲಂಕಾ ಇಸ್ರೇಲ್ ಜೊತೆ ರಾಜತಾಂತ್ರಿಕ ಸಂಬಂಧವನ್ನು ಮರುಸ್ಥಾಪಿಸಿತು. ಮತ್ತಷ್ಟು ಕಫೀರ್‌ಗಳು ಬಂದವು, ಉಕ್ರೇನ್‌ನಿಂದ ಮಿಗ್-27ಗಳು ಬಂದವು. ಅವಸರದ ಖರೀದಿಯ ಇನ್ನೊಂದು ಮುಖವೂ ಇದೆ. 2006ರಲ್ಲಿ ನಡೆದ ಮತ್ತೊಂದು ಮಿಗ್-27 ಖರೀದಿಯಲ್ಲಿ ಅಕ್ರಮ ನಡೆದಿದೆಯೆಂಬ ಆರೋಪಗಳನ್ನು ‘ಸಂಡೇ ಲೀಡರ್’ ಪತ್ರಿಕೆ ಪ್ರಕಟಿಸಿತು. ಅದರ ಸಂಪಾದಕ ಲಸಂತ ವಿಕ್ರಮತುಂಗೆ 2009ರ ಜನವರಿ 8ರಂದು ಕಚೇರಿಗೆ ಹೋಗುವ ದಾರಿಯಲ್ಲಿ ಕೊಲೆಯಾದರು.

ಆಕಾಶದಲ್ಲಿ ಎದುರಾಳಿ ಇಲ್ಲದ ಪಡೆಯನ್ನು ಹೊಡೆಯುವ ಸುಲಭದ ದಾರಿ ಅದು ನೆಲದ ಮೇಲೆ ನಿಂತಿರುವಾಗ ಹೊಡೆಯುವುದು. 2001ರ ಜುಲೈ 24ರ ನಸುಕಿನಲ್ಲಿ, 1983ರ ಹಿಂಸಾಚಾರದ ವರ್ಷಾಚರಣೆಯ ದಿನಗಳಲ್ಲಿ, 14 ಮಂದಿ ಆತ್ಮಾಹುತಿ ಹುಲಿಗಳು ಕೊಲಂಬೊ ಬಳಿಯ ಕಟುನಾಯಕೆಯ ವಾಯುನೆಲೆಗೆ ನುಗ್ಗಿದರು. ಅಲ್ಲಿ ವಾಯುನೆಲೆಯೂ ಆಗ ದೇಶಕ್ಕೆ ಏಕೈಕವಾಗಿದ್ದ ಅಂತಾರಾಷ್ಟ್ರೀಯ ನಿಲ್ದಾಣವೂ ಒಂದಕ್ಕೊಂದು ಅಂಟಿಕೊಂಡಿವೆ, ರನ್‌ವೇ ಒಂದೇ. ಕಫೀರ್ ಜೆಟ್‌ಗಳು, ತರಬೇತಿ ವಿಮಾನಗಳು, ಹೆಲಿಕಾಪ್ಟರ್‌ಗಳು ಉರಿದವು. ನಿಲ್ದಾಣದ ಕಡೆಗೆ ಹರಿದವರು ಶ್ರೀಲಂಕನ್ ಏರ್‌ಲೈನ್ಸ್‌ನ ಏರ್‌ಬಸ್‌ಗಳನ್ನು ಸುಟ್ಟು, ಸಂಸ್ಥೆಯ ಅರ್ಧದಷ್ಟು ವಿಮಾನಗಳನ್ನು ನಾಶ ಅಥವಾ ಜಖಂ ಮಾಡಿದರು. ಬೆಳಗಾಗುವ ಹೊತ್ತಿಗೆ ದಾಳಿಕೋರರೆಲ್ಲ ಸತ್ತಿದ್ದರು. ಪ್ರವಾಸಿಗರು ಬರುವುದು ನಿಂತು, ವಿಮೆಯ ದರ ಏರಿ, ಆ ವರ್ಷ ದೇಶದ ಆರ್ಥಿಕತೆ ಕುಗ್ಗಿತು. 2002ರ ಫೆಬ್ರುವರಿಯಲ್ಲಿ ನಾರ್ವೆಯ ಮಧ್ಯಸ್ಥಿಕೆಯಲ್ಲಿ ಆದ ಕದನವಿರಾಮಕ್ಕೆ ಈ ಏಟು ನೂಕಿದ ಕಾರಣಗಳಲ್ಲಿ ಒಂದೆಂದು ಹೇಳಬಹುದು.

2006ರಲ್ಲಿ ಯುದ್ಧ ಮತ್ತೆ ಪೂರ್ಣ ಪ್ರಮಾಣದಲ್ಲಿ ಶುರುವಾದಾಗ ಪಡೆ ಬದಲಾಗಿತ್ತು. ಪೈಲಟ್‌ರಹಿತ ವಿಮಾನಗಳು ಗಂಟೆಗಟ್ಟಲೆ ವನ್ನಿಯ ಮೇಲೆ ಸುತ್ತುತ್ತ ಕಳುಹಿಸುವ ಚಿತ್ರಗಳನ್ನು ನೋಡಿ ಗುರಿ ನಿರ್ಧರಿಸುವ ಪದ್ಧತಿ ಬಂದಿತ್ತು. ಕಟುನಾಯಕೆಯಿಂದ ಹುಲಿಗಳ ಆಡಳಿತ ಕೇಂದ್ರವಾಗಿದ್ದ ಕಿಳಿನೊಚ್ಚಿಗೆ ಜೆಟ್‌ಗಳಿಗೆ ಅರ್ಧ ಗಂಟೆಯೂ ಬೇಕಿರಲಿಲ್ಲ. 2007ರ ನವೆಂಬರ್ 2ರಂದು ಎಲ್‌ಟಿಟಿಇಯ ರಾಜಕೀಯ ವಿಭಾಗದ ಮುಖ್ಯಸ್ಥ ತಮಿಳ್‌ಸೆಲ್ವನ್ ಇಂಥ ದಾಳಿಯಲ್ಲಿ ಸತ್ತರು. ಆದರೆ ಕಣ್ಣು ಚುರುಕಾದ ಮಾತ್ರಕ್ಕೆ ನಾಗರಿಕರು ಸುರಕ್ಷಿತರಾಗಲಿಲ್ಲ. 2006ರ ಆಗಸ್ಟ್ 14ರಂದು ಮುಲ್ಲೈತೀವು ಜಿಲ್ಲೆಯ ಸೆಂಚೋಲೈಯಲ್ಲಿ ಬಿದ್ದ ಬಾಂಬುಗಳಿಗೆ ಹತ್ತಾರು ಶಾಲಾ ಹುಡುಗಿಯರು ಬಲಿಯಾದರು. ಅದು ಹುಲಿಗಳ ತರಬೇತಿ ಶಿಬಿರವೆಂದು ಸರ್ಕಾರ ಹೇಳಿತು. ಸ್ಥಳಕ್ಕೆ ಹೋದ ಕದನವಿರಾಮದ ವೀಕ್ಷಕರು ಮತ್ತು ಯುನಿಸೆಫ್ ಸಿಬ್ಬಂದಿಗೆ ಅದಕ್ಕೆ ಸಾಕ್ಷ್ಯ ಕಾಣಲಿಲ್ಲ.

ಯುದ್ಧಶಾಸ್ತ್ರ ಮೊದಲನೆಯದೆಂದು ಹೇಳುವ ಕೆಲಸ ಎದುರಾದದ್ದು ಈ ಘಟ್ಟದಲ್ಲಿ. 2007ರ ಮಾರ್ಚ್ 26ರ ನಡುರಾತ್ರಿ ಕಟುನಾಯಕೆ ನೆಲೆಯ ಮೇಲೆ ಬಾಂಬುಗಳು ಬಿದ್ದು ಮೂವರು ವಾಯುಸೈನಿಕರು ಸತ್ತರು. ಬಂದದ್ದು ಹುಲಿಗಳ ವಿಮಾನಗಳು: ಚೆಕ್ ದೇಶದಲ್ಲಿ ತಯಾರಾದ, ನಾಲ್ಕು ಆಸನಗಳ, ಒಂದೇ ಎಂಜಿನ್ನಿನ ಝ್ಲಿನ್-143 ವಿಮಾನಗಳು. ಬಿಡಿಭಾಗಗಳಾಗಿ ಕಳ್ಳಸಾಗಣೆಯಲ್ಲಿ ತಂದು ಜೋಡಿಸಿ, ಹೊಟ್ಟೆಯ ಕೆಳಗೆ ಬಾಂಬು ಕಟ್ಟಿದ್ದರು. ಮುಂದಿನ ತಿಂಗಳು ಕೊಲಂಬೊ ಜನ ವೆಸ್ಟ್ ಇಂಡೀಸ್‌ನಲ್ಲಿ ನಡೆಯುತ್ತಿದ್ದ ವಿಶ್ವಕಪ್ ಕ್ರಿಕೆಟ್ ಫೈನಲ್ ನೋಡುತ್ತಿದ್ದ ರಾತ್ರಿ ಅವು ತೈಲ ಸಂಗ್ರಹಾಗಾರಗಳ ಮೇಲೆ ಬಂದವು. ಊರಿಗೆ ಊರೇ ದೀಪ ಆರಿಸಿ ಕತ್ತಲಲ್ಲಿ ಕುಳಿತಿತು.

ಶಬ್ದಕ್ಕಿಂತ ವೇಗವಾಗಿ ಹಾರಬಲ್ಲ ಜೆಟ್‌ಗಳಿಗೆ ಇಂಥ ವಿಮಾನವನ್ನು ಹಿಡಿಯುವುದು ಕಷ್ಟವಾದದ್ದೇಕೆ ಎಂಬುದು ಕೇಳಬೇಕಾದ ಪ್ರಶ್ನೆ. ಝ್ಲಿನ್ ಗಂಟೆಗೆ ಇನ್ನೂರು ಕಿ.ಮೀ. ಆಸುಪಾಸಿನ ವೇಗದಲ್ಲಿ, ರಾತ್ರಿ, ತಾಳೆಮರಗಳ ತಲೆ ಸವರುವಂತೆ ಹಾರುತ್ತದೆ. ಅಷ್ಟು ತಗ್ಗಿನಲ್ಲಿ ರೇಡಾರ್ ಪರದೆಯ ಮೇಲೆ ನೆಲದ ಪ್ರತಿಫಲನವೇ ತುಂಬಿ ವಿಮಾನದ ಸುಳಿವು ಮುಚ್ಚಿಹೋಗುತ್ತದೆ. ಅದರ ಪಿಸ್ಟನ್ ಎಂಜಿನ್ನಿನ ಬಿಸಿ ಬಹಳ ಕಡಿಮೆ, ಹಾಗಾಗಿ ಬಿಸಿ ಹುಡುಕುವ ಕ್ಷಿಪಣಿಗೂ ಅದು ಕಾಣುವುದು ಕಷ್ಟ. ಅದರ ಹಿಂದೆ ನಿಧಾನವಾಗಿ ಹೋಗೋಣವೆಂದರೆ ಜೆಟ್ ತನ್ನ ನಿಯಂತ್ರಣ ತಪ್ಪುವ ವೇಗದ ಅಂಚಿಗೆ ಬರುತ್ತದೆ. ತಗ್ಗಿನಲ್ಲಿ ಹಾರುವುದನ್ನು ಪತ್ತೆಹಚ್ಚಲು ಭಾರತ ‘ಇಂದ್ರ’ ರೇಡಾರ್‌ಗಳನ್ನು ಕೊಟ್ಟಿತ್ತು. ಇವುಗಳನ್ನು ವಿನ್ಯಾಸಗೊಳಿಸಿದ್ದು ಬೆಂಗಳೂರಿನಲ್ಲಿರುವ ಡಿಆರ್‌ಡಿಒದ ರೇಡಾರ್ ಪ್ರಯೋಗಾಲಯ, ತಯಾರಿಸಿದ್ದು ಭಾರತ್ ಎಲೆಕ್ಟ್ರಾನಿಕ್ಸ್. 2008ರ ಸೆಪ್ಟೆಂಬರ್ 9ರಂದು ವವುನಿಯಾ ನೆಲೆಯ ಮೇಲೆ ಹುಲಿಗಳು ನೆಲ ಮತ್ತು ಆಕಾಶ ಎರಡರಿಂದಲೂ ದಾಳಿ ಮಾಡಿದಾಗ ರೇಡಾರ್ ಜೊತೆಗಿದ್ದ ಇಬ್ಬರು ಭಾರತೀಯ ತಂತ್ರಜ್ಞರು ಗಾಯಗೊಂಡರು. ಆ ರಾತ್ರಿ ಚೀನಾದಿಂದ ಹೊಸದಾಗಿ ಬಂದಿದ್ದ ಎಫ್-7 ಜೆಟ್ ಒಂದು ಝ್ಲಿನ್ ಅನ್ನು ಹೊಡೆದುರುಳಿಸಿತೆಂದು ಸರ್ಕಾರ ಘೋಷಿಸಿತು, ಎಲ್‌ಟಿಟಿಇ ಅಲ್ಲಗಳೆಯಿತು. ಅದಕ್ಕೂ ಮುಂಚೆ, 2007ರ ಅಕ್ಟೋಬರ್ 22ರಂದು, 21 ಆತ್ಮಾಹುತಿ ಹುಲಿಗಳು ಅನುರಾಧಪುರ ನೆಲೆಗೆ ನುಗ್ಗಿ ನೆಲದ ಮೇಲಿದ್ದ ಕಣ್ಗಾವಲು ವಿಮಾನವನ್ನೂ ಹೆಲಿಕಾಪ್ಟರ್‌ಗಳನ್ನೂ ತರಬೇತಿ ವಿಮಾನಗಳನ್ನೂ ಸುಟ್ಟಿದ್ದರು. ಆದ ನಷ್ಟದ ಲೆಕ್ಕದಲ್ಲಿ ಝ್ಲಿನ್‌ಗಳ ಎಲ್ಲ ಬಾಂಬುಗಳಿಗಿಂತ ಆ ಒಂದು ನೆಲದ ದಾಳಿಯೇ ದೊಡ್ಡದು. ಝ್ಲಿನ್‌ಗಳು ಮಾಡಿದ ಕೆಲಸ ಹೆಚ್ಚಾಗಿ ಜನರ ಮನಸ್ಸಿನ ಮೇಲೆ.

2009ರ ಫೆಬ್ರುವರಿ 20ರ ರಾತ್ರಿ ಉಳಿದಿದ್ದ ಎರಡು ಝ್ಲಿನ್‌ಗಳು ಮರಳುವ ಉದ್ದೇಶವಿಲ್ಲದೆ ಹೊರಟವು. ಒಂದು ಕಟುನಾಯಕೆಯ ಬಳಿ ಉರುಳಿತು, ಇನ್ನೊಂದು ಕೊಲಂಬೊ ನಗರದ ಕಂದಾಯ ಇಲಾಖೆಯ ಕಟ್ಟಡಕ್ಕೆ ಅಪ್ಪಳಿಸಿತು. ಆ ಹೊತ್ತಿಗೆ ಹುಲಿಗಳ ರನ್‌ವೇಗಳೆಲ್ಲ ಸೇನೆಯ ಕೈಸೇರಿದ್ದವು. ಲಕ್ಷಾಂತರ ತಮಿಳು ನಾಗರಿಕರು ಮುಲ್ಲೈತೀವಿನ ಕಡಲತಡಿಯ ಕಿರಿದಾದ ಪಟ್ಟಿಯಲ್ಲಿ ಸಿಕ್ಕಿಬಿದ್ದಿದ್ದರು. ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಕೊನೆಯ ತಿಂಗಳುಗಳಲ್ಲಿ 40,000ದಷ್ಟು ನಾಗರಿಕರು ಸತ್ತಿರಬಹುದೆಂದೂ, ಅದರಲ್ಲಿ ಬಹುಪಾಲಿಗೆ ಸರ್ಕಾರದ ಶೆಲ್ ದಾಳಿ ಕಾರಣವೆಂದೂ, ಹುಲಿಗಳು ಜನರನ್ನು ಗುರಾಣಿಯಾಗಿ ಬಳಸಿ ತಪ್ಪಿಸಿಕೊಳ್ಳಲು ಹೊರಟವರಿಗೆ ಗುಂಡು ಹಾರಿಸಿದರೆಂದೂ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ನೇಮಿಸಿದ ತಜ್ಞರ ಸಮಿತಿ 2011ರಲ್ಲಿ ವರದಿ ಮಾಡಿತು. ಶ್ರೀಲಂಕಾ ಸರ್ಕಾರ ಆ ವರದಿಯನ್ನು ಒಪ್ಪಲಿಲ್ಲ.

ಪಲಾಲಿಯ ರನ್‌ವೇ ಈಗಲೂ ಇದೆ. ಭಾರತದ ನೆರವೂ ಸೇರಿ ಅದನ್ನು ದುರಸ್ತಿ ಮಾಡಿ, 2019ರ ಅಕ್ಟೋಬರ್ 17ರಂದು ಜಾಫ್ನಾ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವೆಂದು ಉದ್ಘಾಟಿಸಿದಾಗ, ಮೊದಲಿಗೆ ಬಂದಿಳಿದದ್ದು ಚೆನ್ನೈಯಿಂದ ಹೊರಟ ಅಲಯನ್ಸ್ ಏರ್ ವಿಮಾನ. ಅದು ಇಳಿಯುವಾಗ ಕೆಳಗೆ ಕಾಣುವ ಹೊಲಗಳಲ್ಲಿ ಒಂದಷ್ಟು ಪಾಲು ಯುದ್ಧ ಮುಗಿದ ಮೇಲೆ ಹಂತಹಂತವಾಗಿ ಮಾಲೀಕರ ಕೈಗೆ ಮರಳಿತ್ತು. ಉಳಿದ ಪಾಲಿನ ಮಾಲೀಕರು ಬೇಲಿಯ ಆಚೆ, ಕೈಯಲ್ಲಿ ತಮ್ಮ ಹಳೆಯ ಜಮೀನು ಪತ್ರಗಳನ್ನು ಹಿಡಿದು ಕಾಯುತ್ತಿದ್ದರು.